ಘಾಫ್ ಮರದ ಬುಡದ ಗೂಡು

ಕೊಲ್ಲಿ ದೇಶದ ಮರಳುಗಾಡಿನ ಅಲ್ ಕುದ್ರಾ ಕೆರೆಯ ದಂಡೆಗಿರುವ ಘಾಫ್ (ಬನ್ನಿ) ಮರಗಳ ತೋಪಿನಲ್ಲಿ ಕೊಂಬಿನ ಗೂಬೆಯ ಗೂಡನ್ನು ಮೊದಲು ಕಂಡವನು ಪರಸಪ್ಪ. ಅಲ್ ನಹ್ದಾದಲ್ಲಿ ಎಸಿ ರಿಪೇರಿ ಮಾಡುವ ಅವನಿಗೆ ಹಕ್ಕಿ ನೋಡುವ ಹುಚ್ಚು ಹತ್ತಿಸಿದವನು ಅಭಿಜೀತ. ಜುಮೇರಾ ಲೇಕ್ ಟವರ್ಸಿನಲ್ಲಿ ಎಂಜಿನಿಯರ್, ಪರಸಪ್ಪನಂತೆಯೇ ಬಾಗಲಕೋಟೆ ಕಡೆಯವನು. ಎರಡು ವರ್ಷದಿಂದ ರವಿವಾರ ಬಂತೆಂದರೆ ಇಬ್ಬರೂ ಅಭಿಜೀತನ ಕಾರಿನಲ್ಲಿ ಹೊರಡುತ್ತಿದ್ದರು. ಹಾಗಾಗಿ ಗೂಡಿನ ವಿಷಯವನ್ನು ಪರಸಪ್ಪ ಅವನೊಬ್ಬನಿಗೇ ಹೇಳಿದ.

"ಮಂದಿಗೆ ಗೊತ್ತಾದ್ರ ಗೂಗಿ ಮರಿ ಬಿಟ್ಟು ಹೋಗ್ತದ, ಅಭಿ."

"ನನ್ನ ಬಾಯಿಂದ ಹೊರಗ ಬೀಳೂದಿಲ್ಲೋ ಪರಸು."

ಮಾರ್ಚ್ ಕೊನೆಯ ರವಿವಾರ ಕನ್ನಡಿಗರ ಹಕ್ಕಿ ಬಳಗದ ಹದಿನೆಂಟು ಜನ ಸೇರಿದರು. ಕೆರೆಯಂಚಿನ ಮೆಟ್ಟುಗಾಲು ಹಕ್ಕಿಗಳನ್ನು ನೋಡಿದ್ದಾದ ಮೇಲೆ ಅಭಿಜೀತ ಎಲ್ಲರನ್ನೂ ತೋಪಿನತ್ತ ತಿರುಗಿಸಿದ. ಬೇರೇನೋ ತೋರಿಸುವುದಿರಬೇಕು ಎಂದುಕೊಂಡು ಪರಸಪ್ಪ ಹಿಂದೆ ನಡೆದ. ಅಭಿಜೀತ ನೆಟ್ಟಗೆ ಆ ಮರದ ಮುಂದೆಯೇ ನಿಂತು, ನೆಲಕ್ಕೆ ಬಾಗಿದ ಕೊಂಬೆಯನ್ನು ಎತ್ತಿ ಹಿಡಿದ.

"ಮೂರು ವಾರ ಅಲೆದು ಹುಡುಕಿದ್ದು," ಎಂದ.

ಕ್ಯಾಮೆರಾಗಳು ಮುಂದೆ ನುಗ್ಗಿದವು. ತಾಯಿಗೂಬೆ ಬಿಸಿಲಿಗೆ ಹಾರಿ ದೂರದ ಮರಳದಿಬ್ಬದ ಮೇಲೆ ಕೂತಿತು. ಎರಡು ಮರಿಗಳು ಒಂದಕ್ಕೊಂದು ಒತ್ತಿಕೊಂಡವು.

"ಸಾಕ್ರಿ, ಹಿಂದಕ್ಕ ಸರೀರಿ," ಎಂದ ಪರಸಪ್ಪ.

ಬಳಗಕ್ಕೆ ಹೊಸದಾಗಿ ಸೇರಿದ್ದ ಶಿಕ್ಷಕಿ ಝುಲೈಖ ತಿರುಗಿ ನೋಡಿದಳು. "ಇವರು ಯಾರು ಸರ್?"

"ನಮ್ಮ ಕೆಲಸದವ. ಟ್ರೈಪಾಡ್ ಹೊರೋಕೆ ಕರ್ಕೊಂಡು ಬರ್ತೀನಿ," ಎಂದ ಅಭಿಜೀತ, ಪರಸಪ್ಪನ ಮುಖ ನೋಡದೆ.

ಪರಸಪ್ಪನ ಕಿವಿ ಬಿಸಿಯಾದವು. ಬೆಳಿಗ್ಗೆಯಷ್ಟೇ ಕಾರಿನಲ್ಲಿ ತನ್ನ ಡಬ್ಬಿಯ ರೊಟ್ಟಿ ತಿನ್ನುತ್ತ, "ನಿನ್ನ ಬಿಟ್ರ ಈ ಊರಾಗ ನನಗ ಯಾರದಾರೋ," ಎಂದಿದ್ದವನು ಇವನೇ. ಪರಸಪ್ಪ ಮುಂದೆ ಹೋಗಿ ಅಭಿಜೀತನ ಕೈಯಿಂದ ಕೊಂಬೆಯನ್ನು ಬಿಡಿಸಿ, ಮೆಲ್ಲಗೆ ಕೆಳಗಿಳಿಸಿದ.

"ಗೂಡು ಕಂಡಾಂವ ನಾನು. ಅಭಿಜೀತಗ ಹೇಳಿದ್ದು ನನ್ನ ತಪ್ಪು. ಈಗ ಎಲ್ಲರೂ ನಡೀರಿ."

ಝುಲೈಖ ಮೊದಲು ಕ್ಯಾಮೆರಾ ಇಳಿಸಿದಳು. ಒಬ್ಬೊಬ್ಬರಾಗಿ ಉಳಿದವರೂ ಸರಿದರು.

ಕಾರಿನ ಹತ್ತಿರ ಅಭಿಜೀತ ನಗಲು ನೋಡಿದ. "ಮಂದಿ ಮುಂದ ಏನೋ ಒಂದು ಮಾತು ಬಂತು. ಮನಸಿಗೆ ಹಚ್ಕೋಬ್ಯಾಡ, ಹತ್ತು."

"ನೀವು ನಡೀರಿ, ಸರ್."

ಎರಡು ವರ್ಷದಲ್ಲಿ ಪರಸಪ್ಪ ಅವನನ್ನು ಹಾಗೆ ಕರೆದದ್ದು ಅದೇ ಮೊದಲು.

ಕಾರು ಹೋದ ಮೇಲೆ ತೋಪಿನ ಇನ್ನೊಂದು ತುದಿಯಲ್ಲಿ ಪರಸಪ್ಪನೊಬ್ಬನೇ ಕಾದು ಕೂತ. ಮಧ್ಯಾಹ್ನ ಮೂರರ ಹೊತ್ತಿಗೆ ಗೂಬೆ ಮರಿಗಳ ಬಳಿಗೆ ಮರಳಿತು. ಅಷ್ಟರ ಮಟ್ಟಿಗೆ ಸಮಾಧಾನ. ಆಮೇಲೆ ಟ್ಯಾಕ್ಸಿ ಹಿಡಿದು ಅಲ್ ನಹ್ದಾಕ್ಕೆ ಹೊರಟ. ಮುಂದಿನ ರವಿವಾರ ಅಭಿಜೀತ ಎರಡು ಸಲ ಫೋನ್ ಮಾಡಿದ. ಪರಸಪ್ಪ ಎತ್ತಲಿಲ್ಲ.