ಸಿಗ್ನಲ್ ಇಲ್ಲದ ಕಡೆಯಿಂದ ಹೋದ ಕರೆ

ಗುಡ್ಡದ ಆಚೆ ಮಗ್ಗುಲಿಗೆ ಹೋದರೆ ಫೋನು ಸತ್ತ ಹಾಗೇ ಎಂದು ಊರಿಗೆಲ್ಲ ಗೊತ್ತು. ಜೇನು ಸಾಕುವವನಂತೂ ತನ್ನ ಫೋನನ್ನು ಮನೆಯಲ್ಲೇ ಬಿಟ್ಟು ಹೊರಡುತ್ತಿದ್ದ. "ಅಲ್ಲಿ ಅದೊಂದು ದಂಡಪಿಂಡ" ಎನ್ನುತ್ತಿದ್ದ. ಹೆಂಡತಿ ಮಾತ್ರ ತನ್ನದನ್ನು ಚೀಲಕ್ಕೆ ಹಾಕಿಕೊಳ್ಳುವಳು. "ಟೈಮ್ ನೋಡೋಕಾದ್ರೂ ಆಗುತ್ತಲ್ಲ ರೀ."

ಅವತ್ತು ಬೆಳಿಗ್ಗೆ ಅವನ ತಂಗಿಯೂ ಜೊತೆಗೆ ಬಂದಿದ್ದಳು. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವಳು ಅವಳು. ಗುಡ್ಡದ ಆಚೆ ಮೂರನೇ ಜೇನುಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ತಡ, ನೊಣಗಳು ಅವನ ಕುತ್ತಿಗೆಗೆ ಮುತ್ತಿದವು. ಕಚ್ಚಿಸಿಕೊಳ್ಳುವುದು ಅವನಿಗೆ ಹೊಸದಲ್ಲ. ಆದರೆ ಈ ಸಲ ತುಟಿ ಊದಿತು, ಮೈಯೆಲ್ಲ ದದ್ದೆದ್ದಿತು, ಉಸಿರು ಸಿಳ್ಳೆ ಹಾಕತೊಡಗಿತು.

ಇಬ್ಬರೂ ಹೆಂಗಸರು ಅವನನ್ನು ದೂರ ಎಳೆದು ತಂದರು. ಹೆಂಡತಿ ಫೋನು ತೆಗೆದಳು. ಸಿಗ್ನಲ್ಲಿನ ಒಂದು ಗೀಟೂ ಇಲ್ಲ.

"ಸಿಗ್ನಲ್ಲೇ ಇಲ್ವಲ್ಲೇ!"

"ಅತ್ತಿಗೆ, ತುರ್ತು ಕರೆ ಒತ್ತಿ. ನಮ್ಮ ಕಂಪನಿ ಟವರ್ ಸಿಗ್ದಿದ್ರೆ ಬೇರೆಯವರದ್ದು ಸಿಗ್ಬಹುದು. ತುರ್ತು ಕರೆ ಅಂದ್ರೆ ಯಾವ ಟವರಾದ್ರೂ ತಗೊಳುತ್ತೆ."

ನಂಬಿಕೆಯಿಲ್ಲದೆಯೇ ಒತ್ತಿದಳು. ಎರಡೇ ರಿಂಗು! "ಹೇಳಿ, ಏನಾಯ್ತು? ಎಲ್ಲಿದ್ದೀರಿ?" ಆಚೆಯ ಹೆಂಗಸಿನ ದನಿ ಕೇಳಿದ್ದೇ ಅವಳಿಗೆ ಅಳು ಒತ್ತರಿಸಿ ಬಂತು. ತಡೆದುಕೊಂಡು ಜೇನು ಕಚ್ಚಿದ್ದು, ಗುಡ್ಡದ ದಾರಿ, ಪಕ್ಕದ ಮುರಿದ ಸೇತುವೆಯ ಗುರುತು, ಎಲ್ಲ ಹೇಳಿದಳು. "ಒರಗಿಸಿ ಕೂರಿಸಿ, ನಡೆಸ್ಬೇಡಿ. ಫೋನ್ ಇಡ್ಬೇಡಿ" ಎಂದಿತು ದನಿ. ಆಂಬುಲೆನ್ಸ್ ಬರುವವರೆಗೂ ಅವಳು ಗಂಡನ ಬೆನ್ನು ಬಿಡಲಿಲ್ಲ, ಫೋನೂ ಬಿಡಲಿಲ್ಲ.

ಆಂಬುಲೆನ್ಸಿನವರು ಬಂದ ತಕ್ಷಣ ತೊಡೆಗೆ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಸಿಳ್ಳೆ ನಿಂತಿತು. ಅವಳಿಗೂ ಆಗಲೇ ಸರಿಯಾಗಿ ಉಸಿರು ಬಂದದ್ದು.

ಮಧ್ಯಾಹ್ನ ಆಸ್ಪತ್ರೆಯ ಮಂಚದ ಮೇಲೆ, ಊದಿದ ಮುಖದಲ್ಲೇ ಅವನು ಕೇಳಿದ: "ಅಲ್ಲ ಕಣೇ ತಂಗಿ, ತಂತಿಯಿಲ್ಲ, ಸಿಗ್ನಲ್ಲಿಲ್ಲ. ಮಾತು ಹೋಗಿದ್ದಾದ್ರೂ ಹೇಗೆ?"

"ಫೋನು ಅಂದ್ರೆ ಒಂದು ಪುಟ್ಟ ರೇಡಿಯೋ, ಅಣ್ಣ. ಕೇಳೋದಷ್ಟೇ ಅಲ್ಲ, ಕಳಿಸೋದೂ ಗೊತ್ತು ಅದಕ್ಕೆ. ನಮ್ಮ ಮಾತನ್ನ ಅಲೆಗಳ ಮೇಲೆ ಹತ್ತಿರದ ಟವರಿಗೆ ಕಳಿಸುತ್ತೆ. ಅಲ್ಲಿಂದ ಹೆಚ್ಚಾಗಿ ನೆಲದೊಳಗಿನ ಕೇಬಲ್ಲಲ್ಲಿ ಮುಂದಕ್ಕೆ ಹೋಗುತ್ತೆ. ಗೀಟು ಇಲ್ಲ ಅಂದ್ರೆ ನಮ್ಮ ಕಂಪನಿ ಟವರ್ ಅದಕ್ಕೆ ಸಿಗ್ತಿಲ್ಲ ಅಂತ ಅಷ್ಟೇ. ಫೋನು ಸತ್ತಿದೆ ಅಂತಲ್ಲ."

"ದಂಡಪಿಂಡ ಅಂತಿದ್ದವರು ಯಾರಪ್ಪಾ?" ಎಂದಳು ಹೆಂಡತಿ.

"ಆಯ್ತು ಮಾರಾಯ್ತಿ, ನಾಳೆಯಿಂದ ನನ್ನ ಫೋನೂ ನನ್ನ ಜೇಬಲ್ಲೇ." ಅವನು ನಗಲು ಹೋದ. ಊದಿದ ತುಟಿ ಒಂದೇ ಕಡೆಗೆ ಎಳೆಯಿತು. ಅದನ್ನು ನೋಡಿ ಹೆಂಡತಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಕೇಳುತ್ತಿರುವ ಅಕ್ಕ, ಅಣ್ಣಂದಿರೇ, ಕೆಲಸಕ್ಕೆ ಹೊರಡುವಾಗ ಚಾರ್ಜ್ ಇರುವ ಫೋನು ಜೊತೆಗಿರಲಿ. ಗೀಟು ಕಾಣದಿದ್ದರೂ ತುರ್ತು ಕರೆ ಮಾಡಿ ನೋಡಿ. ಹೋಗದಿದ್ದರೆ ಒಬ್ಬರು ಎತ್ತರದ ಬಯಲಿಗೆ ಹೋಗಿ ಮತ್ತೆ ಮಾಡಲಿ. ನಿಮ್ಮೂರಿನ ತುರ್ತು ಸಂಖ್ಯೆ ಯಾವುದು? ಇವತ್ತೇ ಮನೆಯವರನ್ನೆಲ್ಲ ಕೇಳಿ. ಗೊತ್ತಿಲ್ಲದವರಿಗೆ ಈಗಲೇ ಹೇಳಿಕೊಡಿ.