ಜಂಬಣ್ಣನ ಮೋಟಾರಿನ ಕಮಾನು ಪಟ್ಟಿ

ಮಸ್ಕಿಯ ಜವಳಿ ವ್ಯಾಪಾರಿ ಜಂಬಣ್ಣನಿಗೆ ಆ ವರ್ಷ ಒಂದೇ ಚಿಂತೆ. ಸಿಂಧನೂರಿನಲ್ಲಿದ್ದ ಬಸುರಿ ಮಗಳು ಶೇಖರಮ್ಮನನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವುದು ಹೇಗೆ? ಬೀಗತಿ ಬಸವಣ್ಣೆಮ್ಮ ಖಡಾಖಂಡಿತ ಹೇಳಿಬಿಟ್ಟಿದ್ದಳು.

"ನಿಮ್ಮ ಬಂಡ್ಯಾಗ ಕಳಿಸಿದ್ರ ಕೂಸು ಹಾದ್ಯಾಗ ಹುಟ್ಟತೈತಿ. ಕುಲುಕದಂಗ ಒಯ್ಯೋದಾದ್ರ ಬರ್ರಿ. ಇಲ್ಲಾ, ಬಾಣಂತನ ಇಲ್ಲೇ."

ಚೊಚ್ಚಲ ಹೆರಿಗೆ ಅತ್ತೆಯ ಮನೆಯಲ್ಲಾದರೆ ಜಂಬಣ್ಣ ಬಜಾರದಲ್ಲಿ ತಲೆಯೆತ್ತಿ ಓಡಾಡುವಂತಿರಲಿಲ್ಲ. ಅದು ಹೋಗಲಿ, ಮಗಳೇ "ಯಪ್ಪಗ ಬರಾಕ ಹೇಳ್ರಿ" ಎಂದು ಹೇಳಿ ಕಳಿಸಿದ್ದಳು.

ಲಿಂಗಸೂಗೂರಿನ ಒಬ್ಬ ಜಹಗೀರದಾರರ ಹುಲ್ಲಿನ ಕೊಟ್ಟಿಗೆಯಲ್ಲಿ ಹಳೆಯ ವಿಲಾಯತಿ ಮೋಟಾರೊಂದು ಬಿದ್ದಿತ್ತು. ಅದರೊಳಗೆ ಕೋಳಿಗಳು ತಲೆಮಾರುಗಟ್ಟಲೆ ಸಂಸಾರ ಮಾಡಿದ್ದವು. ಜಂಬಣ್ಣ ಅದನ್ನು ಕೊಂಡು, ಎತ್ತು ಕಟ್ಟಿ ಮಸ್ಕಿಗೆ ಎಳೆಸಿದ. ಇಂಜಿನ್ನು ನಾಲ್ಕು ಬೈಗುಳಕ್ಕೆ ಚಾಲೂ ಆಯಿತು. ಆದರೆ ಕುಲುಕು ತಡೆಯಲು ಗಾಲಿಗಳ ಮೇಲೆ ಒಂದರ ಮೇಲೊಂದು ಜೋಡಿಸಿದ್ದ ಕಮಾನು ಪಟ್ಟಿಗಳು ತುಕ್ಕು ಹಿಡಿದು, ಒಂದಕ್ಕೊಂದು ಅಂಟಿ, ಕಬ್ಬಿಣದ ಗಟ್ಟಿಯಾಗಿದ್ದವು. ಮೊದಲ ಸವಾರಿಯಲ್ಲಿ ಸಣ್ಣದೊಂದು ಕಲ್ಲು ಹತ್ತಿದ್ದೇ ತಡ, ಜಂಬಣ್ಣ ಸೀಟಿನಿಂದ ಮೇಲೆ ಹಾರಿ, ಗುಡ್ಡದ ಆಚೆ ಯಾರ ಹೊಲದಲ್ಲಿ ಜೋಳ ತೆನೆ ಬಿಟ್ಟಿದೆ ಎಂಬುದನ್ನು ನೋಡಿಕೊಂಡು ಕೆಳಗೆ ಬಂದ.

ಕಮ್ಮಾರ ರಹಮಾನಸಾಬ ಪಟ್ಟಿಗಳನ್ನು ಬಿಚ್ಚಿ, ದನದ ಬಾನಿಯಲ್ಲಿ ಹುಣಸೆಹುಳಿಯ ನೀರು ತುಂಬಿ ಮುಳುಗಿಸಿದ. ಮನೆಯ ಎಮ್ಮೆ ಬಂದು ಆ ನೀರು ಕುಡಿಯಿತು. ಮರುದಿನ ಅದು ಮೊಸರು ಕರೆಯಿತು ಎಂದು ಜನ ಹೇಳುತ್ತಾರೆ. ಶುದ್ಧ ಸುಳ್ಳು. ಕರೆದದ್ದು ಮಜ್ಜಿಗೆ.

ಹುಳಿಗೆ ತುಕ್ಕು ಬಿಟ್ಟಿತು. ರಹಮಾನಸಾಬ ಪಟ್ಟಿಗಳನ್ನು ಉಜ್ಜಿ, ಹರಳೆಣ್ಣೆ ಸವರಿ, ಮತ್ತೆ ಜೋಡಿಸಿ ಊಟಕ್ಕೆ ಹೋದ. ಜಂಬಣ್ಣ ಮೋಟಾರನ್ನು ಒತ್ತಿ ನೋಡಿದರೆ ಪಟ್ಟಿಗಳು ಒಂದರ ಮೇಲೊಂದು ಜಾರಿದವು! ಅವನೋ ಹುಟ್ಟಿದಾಗಿನಿಂದ ಬಂಡಿ ಕಂಡವನು. ಬಂಡಿಯಲ್ಲಿ ಅಲುಗುವ ಕೀಲೆಂದರೆ ಮುರಿಯುವ ಕೀಲು. ಪುಂಡಿನಾರಿನ ಹಗ್ಗ ನೆನೆಸಿ ನಾಲ್ಕೂ ಕಮಾನುಗಳನ್ನು ಜಗ್ಗಿ ಬಿಗಿದ.

ರಹಮಾನಸಾಬ ತಿರುಗಿ ಬಂದು ನೋಡಿದ.

"ಏನ್ರೀ ಸಾವ್ಕಾರ್ರ, ಕಳ್ಳನ್ನ ಹಿಡದು ಕಟ್ಟಿದಂಗ ಕಟ್ಟೀರಲ್ಲ!"

"ಸಡ್ಲ ಆಗಿತ್ತಪಾ. ಬಿಗಿ ಮಾಡೀನಿ."

"ನೀವು ಕುಂದ್ರುವಾಗ ಮಣಕಾಲು ಮಡಚ್ತಾವೋ ಇಲ್ಲೋ? ಇದಕ್ಕೂ ಮಡಚಾಕ ಬಿಡ್ರಿ."

"ಹಾದ್ಯಾಗ ಮುರದ್ರ?"

"ಮುರದ್ರ ನಿಮ್ಮ ಮೋಟಾರು ನಾ ಹೊತ್ಕೊಂಡು ಬರ್ತೀನಿ. ಹಿಂಗ ಬಿಗದ್ರ ಮಾತ್ರ ನಿಮ್ಮ ಮಗಳು ಬರಂಗಿಲ್ಲ."

ಜಂಬಣ್ಣ ತಾನು ಬಿಗಿದ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ ತಾನೇ ಕುಡುಗೋಲು ತಂದು ಹಗ್ಗ ಕೊಯ್ದ.

ಸಿಂಧನೂರಿನ ಮನೆಯ ಮುಂದೆ ಬಸವಣ್ಣೆಮ್ಮ ಅಂಚಿನತನಕ ನೀರು ತುಂಬಿದ ಚರಿಗೆ ಹಿಡಿದು ಕಾಯುತ್ತಿದ್ದಳು.

"ಮೊದ್ಲ ನಾ ಕುಂದರ್ತೀನಿ. ನೀರು ತುಳುಕ್ತು ಅಂದ್ರ ಬಂದ ಹಾದಿ ಹಿಡೀರಿ."

ಚರಿಗೆ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಳು. ಜಂಬಣ್ಣ ಗೊರೇಬಾಳದ ಹಾದಿ ಹಿಡಿದ. ತಗ್ಗು ಬಂದಾಗಲೆಲ್ಲ ಉಸಿರು ಬಿಗಿಹಿಡಿದ. ಹಿಂದಿನಿಂದ ಬೈಗುಳವೂ ಇಲ್ಲ, ಸದ್ದೂ ಇಲ್ಲ. ಗೊರೇಬಾಳದ ಹತ್ತಿರ ಧೈರ್ಯ ಮಾಡಿ ಹೊರಳಿ ನೋಡಿದರೆ ಬೀಗತಿ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ. ಚರಿಗೆಯ ಅಂಚಿನಲ್ಲಿ ಗುಬ್ಬಿಯೊಂದು ಕುಳಿತು ನಿರಾಳವಾಗಿ ನೀರು ಕುಡಿಯುತ್ತಿದೆ. ಅದಕ್ಕೂ ಮೋಟಾರು ಓಡುತ್ತಿರುವುದು ಗೊತ್ತಾಗಿರಲಿಲ್ಲ.

ಮನೆಯ ಮುಂದೆ ಇಂಜಿನ್ನು ನಿಂತಾಗ ಬಸವಣ್ಣೆಮ್ಮನಿಗೆ ಎಚ್ಚರವಾಯಿತು.

"ಯಾಕ್ರೀ, ಇನ್ನಾ ಹೊಂಡ್ಲಿಲ್ಲೇನು?"

"ಗೊರೇಬಾಳಕ್ಕ ಹೋಗಿ ಬಂದ್ವಿ, ಬೀಗತ್ಯಾರ."

ಅವಳು ಚರಿಗೆ ನೋಡಿದಳು. ಸೀರೆ ಮುಟ್ಟಿ ನೋಡಿಕೊಂಡಳು. ಒಣಗಿಯೇ ಇತ್ತು.

"ಶೇಖರವ್ವಾ, ಗಂಟು ಕಟ್ಟಬೇ!" ಎಂದು ಒಳಗೆ ಕೂಗಿದಳು.

ಜಂಬಣ್ಣ ಬಿಟ್ಟ ಉಸಿರಿಗೆ ಎದುರು ಮನೆಯ ಕಟ್ಟೆಯ ಮೇಲೆ ಹರವಿದ್ದ ಕಡಲೆಯ ಹೊಟ್ಟು ಪೂರಾ ಹಾರಿ, ಕಾಳು ಹಸನಾದವು.

ಸಿಂಧನೂರು ದಾಟಿದ ಮೇಲೆ ಹಿಂದಿನಿಂದ ಮಗಳು ಕೇಳಿದಳು.

"ಯಪ್ಪಾ, ಮೋಟಾರು ಹೊಂಟೈತೋ ನಿಂತೈತೋ?"

"ಹೊಂಟೈತವ್ವಾ," ಎಂದ ಜಂಬಣ್ಣ, "ಮನೀಗೇ ಹೊಂಟೈತಿ."