ಬರೋದು ಯಾವುದು, ಹೋಗೋದು ಯಾವುದು

ಪೈಲಿಯ ಜೀಪು ಚರ್ಚಿನ ತಿರುವು ದಾಟಿ ಏರಿನ ಅರ್ಧಕ್ಕೆ ಬಂದದ್ದೇ ದಮ್ಮಿನ ಮುದುಕನ ಹಾಗೆ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಹಿಂದೆ ಕೂತಿದ್ದ ಏಲಕ್ಕಿ ತೋಟದ ಹೆಂಗಸರು ಇಳಿದರು, ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು ಏರು ಹತ್ತತೊಡಗಿದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿ ಇತ್ತು ಎಂದು ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಏಲಿಗೆ ಅನ್ನಿಸಿತು.

ಪೈಲಿಗೆ ಲಕ್ವ ಹೊಡೆದು ಐದು ತಿಂಗಳಾಗಿತ್ತು. ಮಾತು ಮರಳಿತು, ಕಾಲು ಮರಳಿತು, ಓಡಿಸಬಹುದು ಎಂದು ಡಾಕ್ಟರೂ ಹೇಳಿದರು. ಬಲಗೈಯ ಬೆರಳುಗಳು ಮಾತ್ರ ಇನ್ನೂ ಪರರ ಮನೆಯ ಮಕ್ಕಳ ಹಾಗೆ, ಕರೆದಾಗ ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ನಿಂತಲ್ಲೇ ನಿಂತ ಜೀಪಿನ ಡೀಸೆಲ್ ಪೈಪುಗಳು ಅಷ್ಟರಲ್ಲಿ ಒಣಗಿ ಬಿರುಕುಬಿಟ್ಟಿದ್ದವು. ಹೋದ ವಾರ ಗಂಡ ಹೆಂಡತಿ ಸೇರಿ ಹೊಸ ಪೈಪು ಹಾಕಿದ್ದರು. ಕಾಯಿಲೆಯಾದ ಮೇಲೆ ಅವನು ಕೈಯಿಟ್ಟ ಮೊದಲ ಕೆಲಸ ಅದು. ಎರಡು ದಿನ ಟ್ಯಾಂಕು ತುಂಬಿಸಿ ಓಡಿಸಿದಾಗ ಜೀಪು ಗುಡ್ಡವನ್ನೇ ನುಂಗುವ ಹಾಗೆ ಹತ್ತಿತ್ತು. ಮೂರನೆಯ ದಿನದಿಂದ ಶುರುವಾಯಿತು ಈ ರಗಳೆ.

ಪೈಲಿ ಜೀಪನ್ನು ಹಿಂದಕ್ಕೆ ಜಾರಿಸಿ ಮಟ್ಟಸ ಜಾಗಕ್ಕೆ ತಂದ. ಪಂಪನ್ನು ಒತ್ತಿ ಒತ್ತಿ ಪೈಪಿನ ಗಾಳಿ ತೆಗೆದ. ಜೀಪು ಏನೂ ಆಗದ ಹಾಗೆ ಚಾಲೂ ಆಯಿತು.

"ಗಾಳಿ ಎಳೀತಿದೆ. ನಾನು ಬಿಗಿ ಮಾಡಿದ ಪೈಪಿನ ಕ್ಲಿಪ್ಪು ಎಲ್ಲೋ ಸಡಿಲ ಇದೆ," ಎಂದ.

"ನಿನ್ನೆ ಎಲ್ಲಾ ಮತ್ತೆ ಬಿಗಿ ಮಾಡಿದ್ರಲ್ಲ ಇಚ್ಚಾಯ?" ಏಲಿ ಗಂಡನನ್ನು ಕರೆಯುತ್ತಿದ್ದದ್ದೇ ಹಾಗೆ.

"ಈ ಕೈಲಿ ತಾನೇ? ಸಾಕು ಬಿಡೇ. ಔಸೇಪ್ಪನ್ನ ಸಂಜೆ ಬಾ ಅಂತೀನಿ. ಜೀಪು ತಗೊಂಡು ಹೋಗ್ಲಿ."

ಊರಿನ ಔಸೇಪ್ಪ ಎರಡು ತಿಂಗಳಿಂದ ಜೀಪು ಮಾರಿ ಎಂದು ಕೇಳುತ್ತಿದ್ದ. ಜೀಪು ಹೋದರೆ ಹೋಗಲಿ, ಹಾಳಾಗಲಿ. ಆದರೆ ಕೈ ಕೈಕೊಟ್ಟಿತು ಎಂದು ನಂಬಿ ಈ ಮನುಷ್ಯ ಜಗಲಿಯಲ್ಲಿ ಕೂತುಬಿಟ್ಟರೆ ಮತ್ತೆ ಏಳುವವನಲ್ಲ. ಅದು ಏಲಿಗೆ ಚೆನ್ನಾಗಿ ಗೊತ್ತಿತ್ತು.

"ಮಾರೋದಾದ್ರೆ ಮಾರಿ. ಅದರ ಕಾಯಿಲೆ ಏನು ಅಂತ ತಿಳ್ಕೊಂಡು ಮಾರಿ. ನಾಳೆ ಔಸೇಪ್ಪ ಚಹಾದ ಅಂಗಡೀಲಿ ಕೂತು, ಪೈಲಿಗೆ ಗೊತ್ತಾಗದ್ದು ನಂಗೆ ಗೊತ್ತಾಯ್ತು ಅಂತಾನೆ. ಬೇಕಾ ಅದು?"

ಬಾಣ ನಾಟಿತು. ಮನೆಗೆ ಬಂದವನೇ ಪೈಲಿ, ಟ್ಯಾಂಕು ಬಿಟ್ಟು ಓಡಿಸಿ ನೋಡಲೆಂದು ಒಂದು ಡಬ್ಬಿಯಲ್ಲಿ ಡೀಸೆಲ್ ತುಂಬಿಸಿದ. ಟ್ಯಾಂಕಿನ ಪೈಪು ಎರಡನ್ನೂ ಎಂಜಿನ್ನಿನ ಹತ್ತಿರ ಬಿಚ್ಚಿ ಕಟ್ಟಿಹಾಕಿದ. ಎರಡು ತುಂಡು ಪೈಪು ಸಿಕ್ಕಿಸಿ, ಅವುಗಳ ತುದಿಯನ್ನು ಡಬ್ಬಿಯೊಳಗೆ ಇಳಿಬಿಟ್ಟು, ಡಬ್ಬಿಯನ್ನು ಏಲಿಯ ತೊಡೆಯ ಮೇಲೆ ಕೂರಿಸಿದ.

"ಗಟ್ಟಿ ಹಿಡ್ಕೋ. ಚೆಲ್ಲಿದ್ರೆ ವಾರ ಪೂರ್ತಿ ನಿನ್ನ ಪಕ್ಕ ಮಲಗೋಕಾಗಲ್ಲ."

"ಮೂವತ್ನಾಲ್ಕು ವರ್ಷ ನಾನು ಸಹಿಸ್ಕೊಂಡಿಲ್ವಾ ಆ ವಾಸನೆ?"

ಜೀಪು ಚರ್ಚಿನ ತಿರುವು ದಾಟಿತು, ಕೆಮ್ಮುತ್ತಿದ್ದ ಜಾಗವನ್ನೂ ದಾಟಿತು. ಒಂದೇ ಉಸಿರಿಗೆ ಗುಡ್ಡದ ತುದಿ ಮುಟ್ಟಿತು. ಡಬ್ಬಿಯನ್ನು ಮಗುವಿನ ಹಾಗೆ ಅವುಚಿಕೊಂಡಿದ್ದ ಏಲಿ ಗಂಡನ ಮುಖ ನೋಡಿದಳು.

"ಎಂಜಿನ್ ಕಡೆ ಎಲ್ಲಾ ಸರಿ ಇದೆ," ಎಂದ ಪೈಲಿ ನಿಧಾನಕ್ಕೆ. "ತಪ್ಪು ಟ್ಯಾಂಕಿನ ಕಡೆ ಇದೆ."

ಎಂಜಿನ್ ಕಡೆ ಜೋಡಿಸಿದವನು ಪೈಲಿ. ಮಲಗಿ ಕೈ ಮೇಲೆತ್ತಲು ಅವನಿಗೆ ಆಗದೆಂದು ಟ್ಯಾಂಕಿನ ಕಡೆ ಜೋಡಿಸಿದವಳು ಏಲಿ. ಜೀಪು ತಿರುಗಿಸಿ ಇಬ್ಬರೂ ಮನೆಗೆ ಬಂದರು.

ಏಲಿ ಚಾಪೆ ಹಾಸಿ ಜೀಪಿನಡಿ ತೂರಿದಳು. ಹೊಸ ಪೈಪು ಎರಡೂ ಒಂದೇ ಬಣ್ಣದವು, ಅದಲುಬದಲಾಗಬಾರದೆಂದು ಪೈಲಿ ನಾಲ್ಕೂ ತುದಿಗೆ ಬಿಳಿ ಪ್ಲಾಸ್ಟರು ಸುತ್ತಿ, ಎಡಗೈಯಲ್ಲಿ ಸೊಟ್ಟ ಸೊಟ್ಟ ಬರೆದಿದ್ದ. ಒಂದು ಪೈಪಿಗೆ 'ಬರೋದು', ಇನ್ನೊಂದಕ್ಕೆ 'ಹೋಗೋದು'. ಅವಳು ಅದನ್ನೇ ನೋಡುತ್ತ ಕೇಳಿದಳು:

"ಇಚ್ಚಾಯ, ಬರೋದು ಅಂದ್ರೆ ಎಲ್ಲಿಗೆ ಬರೋದು?"

"ಇನ್ನೆಲ್ಲಿಗೆ? ಎಂಜಿನ್ನಿಗೆ. ಡೀಸೆಲ್ ಬರೋದು ಅದರಲ್ಲಿ. ಉಳಿದಿದ್ದು ವಾಪಸ್ ಹೋಗೋದು ಇನ್ನೊಂದರಲ್ಲಿ."

"ಟ್ಯಾಂಕಿಗೆ ಬರೋದಲ್ವಾ?"

ಪೈಲಿಯೂ ಕಷ್ಟಪಟ್ಟು ಬಗ್ಗಿ ಅವಳ ಪಕ್ಕ ಮಲಗಿದ. ಟ್ಯಾಂಕಿನ ತಳದವರೆಗೆ ಇಳಿದಿದ್ದ ಉದ್ದ ಕೊಳವೆಗೆ 'ಹೋಗೋದು' ಸಿಕ್ಕಿಸಿತ್ತು. ನಡುವಿನವರೆಗೆ ಮಾತ್ರ ಇಳಿದಿದ್ದ ಗಿಡ್ಡ ಕೊಳವೆಗೆ 'ಬರೋದು'. ಟ್ಯಾಂಕು ಅರ್ಧಕ್ಕಿಳಿದರೆ, ಏರಿನಲ್ಲಿ ಡೀಸೆಲ್ ಹಿಂದಕ್ಕೆ ಸರಿದು, ಗಿಡ್ಡ ಕೊಳವೆಯ ಬಾಯಿಗೆ ಸಿಗುವುದು ಬರೀ ಗಾಳಿ. ಯಾವ ಎಂಜಿನ್ ತಾನೇ ಗಾಳಿ ಕುಡಿದು ಗುಡ್ಡ ಹತ್ತೀತು?

"ಅಲ್ಲ ಕಣೇ, ಓದೋಕೆ ಬರುತ್ತಲ್ಲ ನಿಂಗೆ?"

"ಓದೇ ಹಾಕಿದ್ದು. ನೀವು ಎಂಜಿನ್ ಹತ್ರ ನಿಂತು ಬರೆದ್ರಿ, ನಾನು ಟ್ಯಾಂಕಿನ ಹತ್ರ ಮಲಗಿ ಓದ್ದೆ." ಏಲಿ ಪ್ಲಾಸ್ಟರಿನ ಮೇಲೆ ಬೆರಳಿಟ್ಟಳು. "ಮೂವತ್ನಾಲ್ಕು ವರ್ಷ ನೀವು ಗುಡ್ಡಕ್ಕೆ ಜೀಪು ಹೊಡೆದ್ರಿ, ನಾನು ಮನೇಲಿ ಕೂತು ಕಾದೆ. ಹೊರಗೆ ಹೊರಟ್ರೆ ಹೋಗೋದು, ವಾಪಸ್ ಮನೆ ಸೇರಿದ್ರೆ ಬರೋದು. ನಂಗೆ ಬೇರೆ ಬರೋದು ಗೊತ್ತಿಲ್ಲ."

ಪೈಲಿ ಪ್ಲಾಸ್ಟರಿನ ಮೇಲಿನ ಸೊಟ್ಟ ಅಕ್ಷರವನ್ನು ನೋಡಿದ, ಎಣ್ಣೆ ಮೆತ್ತಿದ ಅವಳ ಕೆನ್ನೆ ನೋಡಿದ. ಆಮೇಲೆ ಎದೆಯ ಮೇಲಿದ್ದ ತನ್ನ ಬಲಗೈ ಕಡೆ ಕಣ್ಣು ಹಾಯಿಸಿದ.

"ಹಂಗಾದ್ರೆ ಈ ಕೈಯದು ತಪ್ಪಿಲ್ಲ."

"ಇಲ್ಲ. ಪೂರ್ತಿ ನಂದೇ."

ತಪ್ಪು ಮಾಡಿದೆ ಎನ್ನಲು ಇಷ್ಟು ಸಂತೋಷವಾಗುತ್ತದೆಂದು ಏಲಿಗೆ ಆ ದಿನದವರೆಗೆ ಗೊತ್ತಿರಲಿಲ್ಲ.

ಪೈಪುಗಳನ್ನು ಬದಲಿಸಿ ಸಿಕ್ಕಿಸಿದ ಮೇಲೆ ಪೈಲಿ ಸ್ಕ್ರೂಡ್ರೈವರಿಗೆ ಬಲಗೈ ಚಾಚಿದ. ಕ್ಲಿಪ್ಪಿನ ತಿರುಪು ಒಂದು ಸಲ ಜಾರಿತು, ಎರಡು ಸಲ ಜಾರಿತು. ಅವಳ ಕೈ ತಾನಾಗಿ ಮುಂದೆ ಹೋಯಿತು, ಅವಳು ಅದನ್ನು ಹಿಂದಕ್ಕೆಳೆದುಕೊಂಡು ಸೆರಗಿನಡಿ ಇಟ್ಟುಕೊಂಡಳು. ಮೂರನೆಯ ಸಲ ತಿರುಪು ಹಿಡಿಯಿತು.

ಅಂಗಳದಲ್ಲಿ ಔಸೇಪ್ಪನ ಚಪ್ಪಲಿ ಕಾಣಿಸಿತು, ಅತ್ತಿಗೆಯೆಂದು ಏಲಿಯನ್ನು ಕೂಗುವ ದನಿ ಕೇಳಿಸಿತು.

"ಚೇಡತ್ತೀ, ಪೈಲಿಚ್ಚಾಯ ಎಲ್ಲಿ? ಜೀಪು ಕೊಡ್ತೀನಿ ಅಂದಿದ್ರು."

"ಇಲ್ಲೇ ಕೆಳಗಿದ್ದಾರೆ," ಎಂದಳು ಏಲಿ, ಜೀಪಿನಡಿಯಿಂದಲೇ. "ನಾಳೆ ಬಾ ಔಸೇಪ್ಪಾ, ಮಾತಾಡೋಣ. ಈಗ ಅವರು ಕೆಲಸದಲ್ಲಿದ್ದಾರೆ."